ಮೀನಿನ ವಾಸನೆ ಬಂದ ಬೋರ್ಡು

ಬೆಳಗ್ಗೆ ಏಳಲ್ಲ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಓಡುತ್ತೆ. ಎರಡು ವರ್ಷದ ಹಿಂದೆ ಜುಲೈನಲ್ಲಿ ನಮ್ಮ ಫೋಟೋ ಲ್ಯಾಬಿನ ಫಿಲ್ಮ್ ಸ್ಕ್ಯಾನರ್ ಹೀಗೆ ಹಟ ಹಿಡಿಯಿತು. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತಿತ್ತು, ಲೈಟ್ ಹತ್ತುತ್ತಿತ್ತು, ಫಿಲ್ಮ್ ಎಳೆಯೋ ಮೋಟಾರ್ ಒಂದು ಸಲ ಟಕ್ ಅಂದು ಸುಮ್ಮನಾಗುತ್ತಿತ್ತು. ಕಂಪ್ಯೂಟರಿನಲ್ಲಿ ಎರರ್. ಆಫ್ ಮಾಡಿ, ಕಾಫಿ ಕುಡಿದು, ಮತ್ತೆ ಆನ್ ಮಾಡೋದು. ಐದಾರು ಸಲ ಕಾಡಿಸಿದ ಮೇಲೆ ಒಮ್ಮೆ ಮನಸ್ಸು ಮಾಡುತ್ತಿತ್ತು. ಶಿವಮೊಗ್ಗದ ಮಳೆಗೆ ಮನುಷ್ಯರೇ ಬೆಳಗ್ಗೆ ಏಳೋದು ಕಷ್ಟ, ಇನ್ನು ಮಷೀನ್ ಏನು ಮಾಡೀತು ಅಂದುಕೊಂಡು ಒಂದು ತಿಂಗಳು ತಳ್ಳಿದೆ.

ಕಲರ್ ಲ್ಯಾಬ್ ಇಟ್ಟವನ ಹತ್ತಿರ ದುಡ್ಡಿದೆ ಅಂತ ಜನ ನಂಬಿದ್ದ ಕಾಲದಲ್ಲಿ ಸಾಲ ಮಾಡಿ ತಂದ ಮಷೀನಿದು. ಡಿಜಿಟಲ್ ಬಂದ ಮೇಲೆ ಮೂಲೆಗೆ ಹೋಯಿತು. ಈಗ ಕಾಲೇಜು ಹುಡುಗರು ಫಿಲ್ಮ್ ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಾರೆ. "ಅಂಕಲ್, ನಿಮ್ಮದು ಫ್ರಾಂಟಿಯರಾ, ನೊರಿಟ್ಸುನಾ?" ಅಂತ ಸ್ಕ್ಯಾನರಿನ ಹೆಸರು ಹಿಡಿದೇ ಕೇಳುತ್ತಾರೆ. ನನ್ನದು ಯಾವುದು ಅನ್ನೋದು ಇಲ್ಲಿ ಬೇಡ. ಆ ಕಾಲದ ಬೋರ್ಡುಗಳು ಕೆಡೋ ರೀತಿ ಹೆಚ್ಚುಕಡಿಮೆ ಒಂದೇ.

ಮೆಕ್ಯಾನಿಕ್ ಬಂದು ನೋಡಿ, "ಕಂಟ್ರೋಲ್ ಬೋರ್ಡ್ ಹೋಗಿದೆ ಸಾರ್, ಬೇರೆ ಹಾಕ್ಬೇಕು" ಅಂದ. ಹೊಸದು ಎಲ್ಲೂ ಇಲ್ಲ. ಬಾಗಿಲು ಮುಚ್ಚಿದ ಒಂದು ಲ್ಯಾಬಿನಿಂದ ಹಳೇದೊಂದು ಸಿಕ್ಕಿತು. ಕಳಿಸಿದವರು ಪಾಪ, ಬಹಳ ಜೋಪಾನವಾಗಿ ಚಪಾತಿ ಕಟ್ಟಿದ ಹಾಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದರು. ಹಾಕಿದ ತಕ್ಷಣ ಮಷೀನ್ ಎದ್ದು ಕೂತಿತು. ಆದರೆ ಸ್ಕ್ಯಾನ್ ಮಾಡಿದರೆ ಉದ್ದಕ್ಕೂ ಬಣ್ಣದ ಗೆರೆ, ಫ್ರೇಮ್ ಒಂದು ಪಕ್ಕಕ್ಕೆ ಜಾರಿಕೊಂಡಿದೆ.

ಪ್ರತಿ ಮಷೀನಿನ ಸೆನ್ಸರ್ ಎಷ್ಟು ಬೆಳಕು ಹಿಡಿಯುತ್ತೆ, ಲೆನ್ಸ್ ಎಲ್ಲಿ ನಿಲ್ಲಬೇಕು, ಫಿಲ್ಮ್ ಹಿಡಿಯೋ ಕ್ಯಾರಿಯರ್ ಎಷ್ಟು ಹೆಜ್ಜೆ ಸರಿಯಬೇಕು ಅನ್ನೋದನ್ನೆಲ್ಲ ಅಳೆದು ಬೋರ್ಡಿನ ಒಂದು ಮೆಮೊರಿ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ನನ್ನ ಮಷೀನಿನಲ್ಲಿ ಆ ಚಿಪ್ಪು ಕರೆಂಟ್ ಹೋದರೆ ಎಲ್ಲ ಮರೆಯುವಂಥದ್ದು. ಅದಕ್ಕೇ ಪಕ್ಕದಲ್ಲೊಂದು ಲಿಥಿಯಂ ಸೆಲ್ ಬೆಸುಗೆ ಹಾಕಿರುತ್ತಾರೆ. ಫಾಯಿಲ್ ಸುತ್ತಿದ ಮೇಲೆ ಸೆಲ್ಲಿನ ಎರಡು ತುದಿ ಸೇರಿ ಶಾರ್ಟ್ ಆಗಿ, ಬರುವ ದಾರಿಯಲ್ಲೇ ಅದು ಖಾಲಿಯಾಗಿತ್ತು. ನೆನಪು ಉಳಿದಿದ್ದರೂ ಅದು ಬೇರೆ ಮಷೀನಿನ ನೆನಪು ಅಲ್ವಾ? ನನ್ನ ಸೆನ್ಸರಿಗೆ ಹೊಂದುತ್ತಿರಲಿಲ್ಲ.

ಇದು ಹೊಳೆದ ಮೇಲೆ ಮೊದಲು ಮಾಡಿದ್ದು ನನ್ನ ಹಳೇ ಬೋರ್ಡಿನ ಸೆಲ್ ಅಳೆಯೋ ಕೆಲಸ. 3 ವೋಲ್ಟ್ ಇರಬೇಕಾದ ಕಡೆ 2.4 ಇತ್ತು. ಇಂಥ ಮೆಮೊರಿಗಳು ಸಾಮಾನ್ಯವಾಗಿ 2 ವೋಲ್ಟಿನ ತನಕ ನೆನಪು ಹಿಡಿದುಕೊಂಡಿರುತ್ತವೆ. ಇನ್ನೊಂದು ಮಳೆಗಾಲ ಕಳೆದಿದ್ದರೆ ನನ್ನ ಬೋರ್ಡೂ ಖಾಲಿ ಸ್ಲೇಟೇ.

ಸೆಲ್ ಬದಲಿಸೋದು ಚಿಕ್ಕ ಕೆಲಸ, ಆದರೆ ಅವತ್ತು ಕೈ ನಡುಗಿದ್ದು ನಿಜ. ಸೆಲ್ ಕಿತ್ತ ಹೊತ್ತಲ್ಲಿ ಚಿಪ್ಪಿಗೆ ಕರೆಂಟ್ ತಪ್ಪಿದರೆ ನೆನಪೆಲ್ಲ ಹೋಗುತ್ತೆ. ಅದಕ್ಕೇ ಮೊದಲು ಹೊರಗಿನಿಂದ ಕರೆಂಟ್ ಕೊಟ್ಟೆ. ಎರಡು ಹೊಸ ಪೆನ್‌ಟಾರ್ಚ್ ಸೆಲ್ ಹೋಲ್ಡರಿಗೆ ಹಾಕಿ, ಪ್ಲಸ್ ವೈರಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಒಂದು ಶಾಟ್ಕಿ ಡಯೋಡ್ ಸೇರಿಸಿದೆ. ಅದನ್ನು ಮೆಮೊರಿ ಚಿಪ್ಪು ಕರೆಂಟ್ ತಗೊಳ್ಳೋ ವಿಸಿಸಿ ಕಾಲಿಗೆ, ಮೈನಸ್ಸನ್ನು ಗ್ರೌಂಡಿಗೆ ಬೆಸೆದೆ. ಸುಮಾರು 2.9 ವೋಲ್ಟ್ ಹೋಗುತ್ತಿತ್ತು. ಆಮೇಲೆ ಹಳೇ ಸೆಲ್ ಕಿತ್ತು ಹೊಸದು ಕೂರಿಸಿದೆ. ಬೆಸುಗೆಯ ಐರನ್ ಚೆನ್ನಾಗಿ ಕಾದ ಮೇಲೆ ಅದರ ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ಬೋರ್ಡಿಗೆ ಮುಟ್ಟಿಸುತ್ತಿದ್ದೆ. ಅಗ್ಗದ ಐರನ್ನಿನ ಮೊನೆಯಲ್ಲಿ ಸ್ವಲ್ಪ ಕರೆಂಟ್ ಲೀಕೇಜ್ ಇದ್ದರೂ ಆ ಚಿಪ್ಪಿನ ಕಥೆ ಮುಗೀತು. ಪಕ್ಕದಲ್ಲಿ ಕಿಟಕಿಯಂಥ ಗಾಜಿರೋ ಇಪ್ರೋಮ್ ಅನ್ನೋ ಇನ್ನೊಂದು ಬಗೆಯ ಮೆಮೊರಿ ಚಿಪ್ಪಿತ್ತು. ಚಿಪ್ ಓದೋ ಪ್ರೋಗ್ರಾಮರ್ ಅನ್ನೋ ಸಾಧನದಲ್ಲಿಟ್ಟು ಅದರದ್ದೂ ಒಂದು ಕಾಪಿ ತೆಗೆದುಕೊಂಡೆ. ಗಾಜಿನ ಮೇಲಿನ ಸ್ಟಿಕ್ಕರ್ ಉದುರಿಹೋಗಿತ್ತು, ಹೊಸದು ಅಂಟಿಸಿದೆ. ಬಿಸಿಲು ಬಿದ್ದೂ ಬಿದ್ದೂ ಅಂಥ ಚಿಪ್ ಅಳಿಸಿಹೋಗುತ್ತೆ.

ಇಷ್ಟಾದರೂ ಮೂಲ ರೋಗ ಹಾಗೇ ಇತ್ತು. ಮಲ್ಟಿಮೀಟರಿನಲ್ಲಿ 5 ವೋಲ್ಟ್ ಲೈನ್ 4.96 ತೋರಿಸುತ್ತಿತ್ತು. ಸರಿಯಾಗಿದೆ ಅಂತ ನಂಬಿ ಎರಡು ವಾರ ಹಾಳು ಮಾಡಿದೆ. ಮಲ್ಟಿಮೀಟರ್ ತೋರಿಸೋದು ಸರಾಸರಿ. ಟಿವಿ ರಿಪೇರಿ ಮಾಡುವ ಗೆಳೆಯನೊಬ್ಬ ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸೋ ಆಸಿಲೋಸ್ಕೋಪ್ ತಂದು ಹಿಡಿದಾಗ ಗೊತ್ತಾಯಿತು, ಆ ಲೈನ್ ಗರಗಸದ ಹಲ್ಲಿನ ಹಾಗೆ ಕುಣಿಯುತ್ತಿತ್ತು. ಅರ್ಧ ವೋಲ್ಟಿನಷ್ಟು. ಪವರ್ ಸಪ್ಲೈ ಬಾಯಲ್ಲಿ ಮಾತ್ರ ಕ್ಲೀನ್. ಅಂದರೆ ತೊಂದರೆ ಬೋರ್ಡಿನ ಮೇಲೆ ವೋಲ್ಟೇಜಿನ ಕುಣಿತ ಸಮ ಮಾಡೋ ಕೆಪಾಸಿಟರುಗಳದ್ದು. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನೊಳಗೆ ದ್ರವ ಇರುತ್ತೆ. ವರ್ಷ ಕಳೆದಂತೆ ಅದು ಒಣಗುತ್ತೆ, ಇಲ್ಲಾ ಸೋರುತ್ತೆ. ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ತಣ್ಣಗಿದ್ದಾಗ ಇನ್ನೂ ಜಾಸ್ತಿ ಏರುತ್ತೆ. ಮಷೀನ್ ಮಧ್ಯಾಹ್ನ ಏಳುತ್ತಿದ್ದದ್ದು ಅದಕ್ಕೇ.

ಯಾವ ಕೆಪಾಸಿಟರ್ ಅಂತ ಹುಡುಕೋದು ಹೇಗೆ? ಫೋಟೋ ಪೇಪರಿನ ಡಬ್ಬಿಯ ರಟ್ಟಿಗೆ ಎಂಟಾಣೆಯಷ್ಟು ತೂತು ಕೊರೆದೆ. ರಟ್ಟನ್ನು ಬೋರ್ಡಿನ ಮೇಲೆ ಹಿಡಿದು, ತೂತಿನಿಂದ ಹೇರ್ ಡ್ರೈಯರ್ ಬಿಸಿಗಾಳಿ ಬಿಟ್ಟು ಒಂದೊಂದೇ ಜಾಗ ಕಾಯಿಸುತ್ತಾ ಹೋದೆ. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ನನ್ನ ಡ್ರೈಯರ್ ತಗೊಂಡು ಅದಕ್ಕೇನು ತಲೆ ಒಣಗಿಸ್ತಾ ಇದ್ದೀರಾ?" ಅಂದಳು. ಮೋಟಾರ್ ಓಡಿಸೋ ಡ್ರೈವರ್ ಚಿಪ್ಪಿನ ಪಕ್ಕದ ನಾಲ್ಕು ಕೆಪಾಸಿಟರ್ ಬಿಸಿಯಾದ ಕೂಡಲೇ ಮಷೀನ್ ಎದ್ದಿತು.

ನಾಲ್ಕು ಹೋದ ಮೇಲೆ ಉಳಿದವನ್ನು ನಂಬೋದು ಹೇಗೆ? ಬೋರ್ಡಿನಲ್ಲಿದ್ದ ಇಂಥ ಇಪ್ಪತ್ಮೂರನ್ನೂ ತೆಗೆದು ಹೊಸದು ಹಾಕೋಣ ಅಂತ ತೀರ್ಮಾನಿಸಿದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಪಟ್ಟಿ ಹಿಡಿದು ತಿರುಗಿದೆ. ಎಲ್ಲ 105 ಡಿಗ್ರಿ ಶಾಖ ತಡೆಯೋದೇ ಬೇಕು ಅಂತ ಹಟ ಹಿಡಿದೆ. 85 ಡಿಗ್ರಿಯದು ಅಗ್ಗ, ಆದರೆ ಮಷೀನಿನ ಬಿಸಿಯಲ್ಲಿ ಬೇಗ ಸಾಯುತ್ತೆ. ಶಾಖ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟು ಅನ್ನೋದು ಇವುಗಳ ಲೆಕ್ಕ.

ಮೊದಲನೆಯದಕ್ಕೆ ಐರನ್ ಮುಟ್ಟಿಸಿದ ಕೂಡಲೇ ಮೀನಿನ ವಾಸನೆ ಗುಪ್ಪೆಂದು ಬಂತು. ಹಸಿಮೀನಲ್ಲ, ಮಾರ್ಕೆಟ್ ಮುಗಿದ ಮೇಲೆ ಕಲ್ಲಿನ ಮೇಲೆ ಉಳಿಯುತ್ತಲ್ಲ, ಆ ವಾಸನೆ. ಸೋರಿದ ದ್ರವ ಕಾದರೆ ಹೀಗೇ. ಅಡಿಯ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಕರಗಲೊಲ್ಲದು. ಬೆಸುಗೆ ಸಲೀಸಾಗಿ ಹರಿಯೋಕೆ ಫ್ಲಕ್ಸ್ ಹಚ್ಚಿ ಹೊಸ ಸೀಸ ಬೆರೆಸಿದ ಮೇಲೆ ಕರಗಿತು. ಮೂರನೆಯದನ್ನು ಇಕ್ಕಳದಿಂದ ಸ್ವಲ್ಪ ತಿರುಗಿಸಿ ಕೀಳೋಣ ಅಂತ ಅವಸರ ಮಾಡಿದೆ. ಕೆಪಾಸಿಟರ್ ಜೊತೆ ಕೆಳಗಿನ ತಾಮ್ರದ ಪ್ಯಾಡೂ ಕಿತ್ತುಕೊಂಡು ಬಂತು, ಗಾಯದ ಪಟ್ಟಿ ಜೊತೆ ಚರ್ಮ ಬರೋ ಹಾಗೆ. ಹಳೇ ರಿಲೇ ಬಿಚ್ಚಿ ಅದರ ಕಾಯಿಲ್ ವೈರಿನಿಂದ ಕಿತ್ತ ಜಾಗ ಜೋಡಿಸೋ ಜಂಪರ್ ಹಾಕಿ ಉಳಿಸಿಕೊಂಡೆ. ಅಲ್ಲಿಂದ ಮುಂದೆ ಎರಡು ಐರನ್, ಎರಡೂ ಕಾಲಿಗೆ ಒಟ್ಟಿಗೆ. ಎತ್ತಿದರೆ ತಾನಾಗೇ ಬರಬೇಕು.

ಇನ್ನೊಂದು ಮೋಸ ಇದೆ. ಈ ಡಬ್ಬಿಯಂಥ ಕೆಪಾಸಿಟರಿನಲ್ಲಿ ಕಪ್ಪು ಗುರುತು ಇರೋದು ಮೈನಸ್. ಟ್ಯಾಂಟಲಂ ಅನ್ನೋ ಇನ್ನೊಂದು ಬಗೆಯ ಹಳದಿ ಕೆಪಾಸಿಟರಿನಲ್ಲಿ ಪಟ್ಟಿ ಇರೋದು ಪ್ಲಸ್. ನನ್ನ ಬೋರ್ಡಿನಲ್ಲಿ ಎರಡೂ ಇದ್ದವು. ಕೀಳೋ ಮುಂಚೆ ಮೊಬೈಲಿನಲ್ಲಿ ಹನ್ನೆರಡು ಫೋಟೋ ತೆಗೆದಿದ್ದಕ್ಕೆ ಬಚಾವಾದೆ. ಟ್ಯಾಂಟಲಂ ಉಲ್ಟಾ ಹಾಕಿದರೆ ಬೆಂಕಿಯೇ ಏಳಬಹುದು.

ಎಲ್ಲ ಕಿತ್ತ ಮೇಲೆ ಸೋರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜೋ ಬ್ರಷ್‌ನಿಂದ ಎರಡು ಸಲ ತಿಕ್ಕಿದೆ. ಈ ಹಂತ ಬಿಟ್ಟವರು ಆರು ತಿಂಗಳಲ್ಲಿ ಮತ್ತೆ ಅದೇ ಬೋರ್ಡ್ ಬಿಚ್ಚುತ್ತಾರೆ. ಉಳಿದ ದ್ರವ ತಾಮ್ರವನ್ನು ತಿನ್ನುತ್ತಲೇ ಇರುತ್ತೆ. ರಿಬ್ಬನ್ ಕನೆಕ್ಟರುಗಳನ್ನು ಬಿಚ್ಚಿ ಮತ್ತೆ ಕೂರಿಸಿದೆ, ಸೆನ್ಸರ್ ಸಂದಿಯ ಧೂಳು ತೆಗೆದೆ. ಫಿಲ್ಮಿನ ಒಂದು ಚೂರೂ ಸಿಕ್ಕಿತು. ಯಾವ ಕಾಲದ್ದೋ.

ಮೂರು ಸಂಜೆ ಹಿಡಿಯಿತು. ನಾಲ್ಕನೆಯ ದಿನ ಬೆಳಗ್ಗೆ ಏಳೂವರೆಗೆ, ಹೊರಗೆ ಜಡಿಮಳೆ, ಸ್ವಿಚ್ ಹಾಕಿದೆ. ಟಕ್, ಟಕ್, ಆಮೇಲೆ ಮೋಟಾರ್ ಉದ್ದಕ್ಕೆ ಓಡಿ ತನ್ನ ಜಾಗಕ್ಕೆ ಬಂದು ನಿಂತಿತು. ಸ್ಕೋಪಿನಲ್ಲಿ 30 ಮಿಲಿವೋಲ್ಟಿನಷ್ಟು ಅಲುಗಾಟ. ಮೊದಲು ಸ್ಕ್ಯಾನ್ ಮಾಡಿದ್ದು ನಮ್ಮ ಮದುವೆಯದೇ ನೆಗೆಟಿವ್.

ಚಪಾತಿ ಕಟ್ಟಿನಲ್ಲಿ ಬಂದ ಬೋರ್ಡು ಕಪಾಟಿನಲ್ಲೇ ಇದೆ. ಅದರ ಕೆಪಾಸಿಟರುಗಳೂ ಅದೇ ವಯಸ್ಸಿನವು. ಮೋಟಾರ್ ಡ್ರೈವರ್ ಚಿಪ್ಪುಗಳು ಚೆನ್ನಾಗಿವೆ, ಒಂದನ್ನು ಹೋದ ತಿಂಗಳು ಕಿತ್ತುಕೊಂಡೆ.