ಮೊದಲ ಬಿಲ್ಲು ಮುರಿಯದಿರಬೇಕಾದರೆ

ಮೊದಲ ಬಾರಿಗೆ ಮರದ ಬಿಲ್ಲು ಮಾಡುವವರು ಉಪಕರಣಗಳಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಹಲಗೆಯ ಆಯ್ಕೆಗೆ. ಚೆನ್ನಾಗಿ ಒಣಗಿದ, ಗಂಟಿಲ್ಲದ ಗಟ್ಟಿ ಮರವಿರಲಿ. ಅದರ ನಾರು ತುದಿಯಿಂದ ತುದಿಗೆ ನೇರವಾಗಿ ಓಡಿರಲಿ. ನಾರು ಓರೆಯಾಗಿ ಅಂಚಿಗೆ ಹೊರಬಿದ್ದ ಜಾಗದಲ್ಲೇ ಬಿಲ್ಲು ಸಿಡಿಯುವುದು ಹೆಚ್ಚು. ಉದ್ದದಲ್ಲಿ ಜಿಪುಣತನ ಬೇಡ, ನಿಮ್ಮ ಎತ್ತರದಷ್ಟಾದರೂ ಇರಲಿ.

ಗುರಿಯ ಕಡೆಗಿರುವ ಮುಖವನ್ನು ಕೆತ್ತಲೇಬೇಡಿ. ಅದರ ಅಂಚುಗಳನ್ನಷ್ಟೇ ಗುಂಡಗಾಗಿಸಿ. ದಪ್ಪ ಇಳಿಸುವುದೆಲ್ಲ ನಿಮ್ಮ ಕಡೆಗಿರುವ ಮುಖದಿಂದ.

ನಿಜವಾದ ಕೆಲಸವೆಂದರೆ ಬಾಗು ಸರಿಪಡಿಸುವುದು. ಉದ್ದನೆಯ ಹೆದೆ ಕಟ್ಟಿ, ಸ್ವಲ್ಪವೇ ಎಳೆಸಿ, ದೂರದಲ್ಲಿ ನಿಂತು ಬಿಲ್ಲಿನ ಎರಡೂ ತೋಳುಗಳನ್ನು, ಅಂದರೆ ಹಿಡಿಯ ಮೇಲಿನ ಮತ್ತು ಕೆಳಗಿನ ಭಾಗಗಳನ್ನು, ನೋಡಿ. ಹೆಚ್ಚು ಬಾಗಿದ ಜಾಗವನ್ನು ಮುಟ್ಟಬೇಡಿ. ಸೆಟೆದು ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅರದಿಂದ ಅಷ್ಟನ್ನೇ ಉಜ್ಜಿ. ಪ್ರತಿ ಸಲ ಉಜ್ಜಿದ ಮೇಲೆ 20–30 ಬಾರಿ ಮೆಲ್ಲಗೆ ಎಳೆದು ಮೆಲ್ಲಗೆ ಸಡಿಲಿಸಿ. ಆಗಷ್ಟೇ ಮರ ತನ್ನ ಹೊಸ ಬಾಗನ್ನು ತೋರಿಸುತ್ತದೆ. ನನ್ನ ಪ್ರಕಾರ ಇಲ್ಲಿ ಅವಸರಪಡುವುದಕ್ಕಿಂತ ಒಂದು ದಿನ ಕೆಲಸ ನಿಲ್ಲಿಸುವುದೇ ಮೇಲು, ಏಕೆಂದರೆ ಉಜ್ಜಿ ತೆಗೆದ ಮರ ಮತ್ತೆ ಬರುವುದಿಲ್ಲ.

ನಿಮ್ಮ ಕಡೆಗಿರುವ ಮುಖದಲ್ಲಿ ಕೂದಲೆಳೆಯಂಥ ಅಡ್ಡ ಸುಕ್ಕು ಕಂಡರೆ ಆ ಜಾಗ ಅತಿಯಾಗಿ ಬಾಗುತ್ತಿದೆ ಎಂದರ್ಥ. ತಕ್ಷಣ ಎಳೆಯುವುದನ್ನು ನಿಲ್ಲಿಸಿ. ಬಾಣವಿಲ್ಲದೆ ಎಳೆದ ಹೆದೆಯನ್ನು ಎಂದೂ ಥಟ್ಟನೆ ಬಿಡಬೇಡಿ, ಬಿಲ್ಲು ಒಡೆದು ಚೂರು ಕಣ್ಣಿಗೆ ಸಿಡಿಯಬಹುದು.