ಪ್ಯಾಡ್ ಹೊಸದು, ಕಿರುಚಾಟವೂ ಹೊಸದು

ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್‌ಗಳನ್ನು ನಾನೇ ಮನೆಯಲ್ಲಿ ಬದಲಾಯಿಸಿದೆ. ಎರಡು ದಿನ ಬೀಗಿದೆ. ಮೂರನೇ ದಿನ ಸಿಗ್ನಲ್ ಹತ್ತಿರ ಕಾಲಿಟ್ಟರೆ ಕಿಂಯ್ಯ್ ಅಂತ ಶುರುವಾಯಿತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಪ್ಯಾಡ್ ಹೋಗಿದೆ ಸಾರ್, ಚೇಂಜ್ ಮಾಡ್ಸಿ" ಅಂದ. ಏನು ಹೇಳಲಿ?

ಬಿಚ್ಚುವ ಮೊದಲು ಸದ್ದು ಯಾವಾಗ ಬರುತ್ತದೆ ಅಂತ ಗಮನಿಸಿದೆ. ಜೋರಾಗಿ ಒತ್ತಿದರೆ ಇಲ್ಲ. ನಿಧಾನಕ್ಕೆ ಬರುತ್ತಾ ಮೆಲ್ಲಗೆ ಒತ್ತಿದರೆ ಮಾತ್ರ. ಕಿಟಕಿ ಇಳಿಸಿ ಉದ್ದದ ಕಾಂಪೌಂಡ್ ಗೋಡೆ ಪಕ್ಕ ನಿಧಾನವಾಗಿ ಓಡಿಸಿದೆ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಎಡಗಡೆಯೇ ಜಾಸ್ತಿ. ಮನೆಗೆ ಬಂದು ಚಕ್ರಗಳ ಹತ್ತಿರ ಕೈ ಹಿಡಿದೆ, ಮುಟ್ಟಲಿಲ್ಲ. ಎಡಗಡೆಯದು ಕಾವಲಿ ಥರ ಕಾದಿತ್ತು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ.

ಆಗ ನೆನಪಾಯಿತು. ಎಡಗಡೆಯ ಹಳೇ ಪ್ಯಾಡ್‌ಗಳಲ್ಲಿ ಒಳಗಿನದು ಎಷ್ಟು ಸವೆದಿತ್ತೆಂದರೆ, ಹೊರಗಿನದರ ಅರ್ಧದಷ್ಟೇ ದಪ್ಪ ಉಳಿದಿತ್ತು. ನೋಡಿದ್ದೆ, ಸುಮ್ನೆ ಬಿಟ್ಟಿದ್ದೆ.

ಬೀದಿ ತುದಿಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್‌ಗೆ ಹೇಳಿದರೆ ಒಂದೇ ಪ್ರಶ್ನೆ: "ಶಿಮ್ ಹಾಕಿದ್ರಾ ಸಾರ್?" ಪ್ಯಾಡಿನ ಬೆನ್ನಿಗೆ ಕೂರುವ ಆ ತೆಳು ತಗಡು ಹೊಸ ಪೆಟ್ಟಿಗೆಯಲ್ಲಿ ಇರಲಿಲ್ಲ. ಹಳೆಯದನ್ನು ಪ್ಯಾಡ್ ಜೊತೆಗೇ ಗುಜರಿ ಚೀಲಕ್ಕೆ ಎಸೆದಿದ್ದೆ. ಕಿರುಚುವುದೆಂದರೆ ಪ್ಯಾಡ್ ಡಿಸ್ಕಿನ ಮೇಲೆ ಬಹಳ ವೇಗವಾಗಿ ನಡುಗುವುದು. ಆ ನಡುಕವನ್ನು ತಡೆಯುವುದೇ ಶಿಮ್ ಕೆಲಸ. ಪುಣ್ಯಕ್ಕೆ ಗುಜರಿಯವನು ಇನ್ನೂ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ಸ್ಪ್ರಿಂಗ್‌ಗೆ ತಂತಿಯಿಂದ ಕಟ್ಟಿದೆ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಕ್ಯಾಲಿಪರ್ ಜಾರುವ ಎರಡು ಪಿನ್‌ಗಳಲ್ಲಿ ಮೇಲಿನದು ಬೆರಳಿಗೇ ಆಡಿತು. ಕೆಳಗಿನದನ್ನು ತಿರುಚಿ ತಿರುಚಿ ಎಳೆಯಬೇಕಾಯಿತು. ಹಳೇ ಗ್ರೀಸ್ ಒಣಗಿ ಹಲಸಿನ ಮೇಣದ ಹಾಗೆ ಹಿಡಿದುಕೊಂಡಿತ್ತು. ಚಕ್ರ ಕಾದಿದ್ದಕ್ಕೂ ಒಳಗಿನ ಪ್ಯಾಡ್ ಹೆಚ್ಚು ಸವೆದಿದ್ದಕ್ಕೂ ಕಾರಣ ಇದೇ. ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಬೇಡ, ಪಿನ್ನಿನ ರಬ್ಬರ್ ಉಬ್ಬಿಹೋಗುತ್ತದೆ.

ಹೊಸ ಪ್ಯಾಡಿನ ಮುಖ ಆಗಲೇ ಗಾಜಿನಂತೆ ಹೊಳೆಯುತ್ತಿತ್ತು. ಗ್ರಾನೈಟ್ ತುಂಡಿನ ಮೇಲೆ ಎಮ್ರಿ ಪೇಪರ್ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ. ಶಿಮ್ ಒರೆಸಿ ಕೂರಿಸಿದೆ. ಪ್ಯಾಡಿನ ಬೆನ್ನಿಗೂ ಅದರ ಕಿವಿಗಳಿಗೂ ಬ್ರೇಕ್ ಗ್ರೀಸ್ ತೆಳುವಾಗಿ ಸವರಿದೆ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ಉಜ್ಜುವ ಮುಖಕ್ಕೆ, ಡಿಸ್ಕಿಗೆ ಒಂದು ಹನಿಯೂ ತಾಗಬಾರದು. ಸದ್ದು ನಿಲ್ಲಲಿ ಅಂತ ಡಿಸ್ಕಿಗೆ ಎಣ್ಣೆ ಬಿಡಲು ಹೇಳಿದ ಸ್ನೇಹಿತರೂ ನನಗಿದ್ದಾರೆ! ಅವರ ಕಾರಿನಲ್ಲಿ ನಾನು ಕೂರುವುದಿಲ್ಲ. ಬಲಗಡೆ ಪಿನ್‌ಗಳು ಸರಿಯಾಗಿದ್ದವು, ಅಲ್ಲೂ ಶಿಮ್ ಕೂರಿಸಿದೆ.

ಹೊರಡುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿದೆ. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಆಮೇಲೆ ಮೈಸೂರಿನ ರಿಂಗ್ ರೋಡ್ ಕಡೆಗೆ ಹೋದೆ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿ, 60ರಿಂದ 15ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ಮಧ್ಯೆ ಸ್ವಲ್ಪ ಗಾಳಿಗೆ ಆರಲು ಬಿಡುವುದು. ಹೀಗೆ ಎಂಟು ಹತ್ತು ಸಲ. ಮೊದಲ ಸಲ ಹೊಸ ಪ್ಯಾಡನ್ನು ಡಿಸ್ಕಿಗೆ ಹೀಗೆ ಪಳಗಿಸುವ ಕೆಲಸ ಮಾಡದೆ ನೇರ ಟ್ರಾಫಿಕ್ಕಿಗೆ ಹೋಗಿದ್ದೆ.

ಸದ್ದು ನಿಂತು ಏಳು ತಿಂಗಳಾಯಿತು. ಮಳೆ ಬಿದ್ದ ಮಾರನೇ ಬೆಳಿಗ್ಗೆ ಮೊದಲ ಎರಡು ಒತ್ತಿಗೆ ಗೊರ್ ಅನ್ನುತ್ತದೆ. ಅದು ರಾತ್ರಿ ಡಿಸ್ಕಿಗೆ ಹಿಡಿದ ತುಕ್ಕು, ಗೇಟು ದಾಟುವಷ್ಟರಲ್ಲಿ ಹೋಗುತ್ತದೆ. ಅದಕ್ಕೆಲ್ಲ ನಾನು ಸ್ಪ್ಯಾನರ್ ಎತ್ತುವುದಿಲ್ಲ.