ಬೆಂಗಳೂರಿನ ಮನೆ ಕಸ: ಅಂಗಡಿಯಲ್ಲಿ ಶುರು ಮಾಡಿ, ವಾರ್ಡ್ ಕಚೇರಿಯವರೆಗೂ ಹೋಗಿ

ಬೆಂಗಳೂರಿನ ಕಸದ ಮಾತು ಬಂದರೆ ಸಾಕು, ಅರ್ಧ ಜನ "ನಮ್ಮ ಜನಕ್ಕೇ ಬುದ್ಧಿ ಇಲ್ಲ" ಅನ್ನುತ್ತಾರೆ, ಇನ್ನರ್ಧ ಜನ "ಪಾಲಿಕೆಯವರು ಏನೂ ಮಾಡಲ್ಲ" ಅನ್ನುತ್ತಾರೆ. ಇಬ್ಬರೂ ಮರೆಯುವ ಮೂರನೆಯವರು ಒಬ್ಬರಿದ್ದಾರೆ. ಯಾರೂ ವಾಪಸ್ ತಗೊಳ್ಳದ ಪ್ಯಾಕೆಟ್‌ನಲ್ಲಿ ಸಾಮಾನು ತುಂಬಿಸಿ ಮಾರಿದ ಕಂಪನಿಯವರು. ನಮ್ಮ ಕಾನೂನು ಈ ಮೂವರಿಗೂ ಕೆಲಸ ಹಂಚಿದೆ. ನಿಮ್ಮ ಪಾಲಿನ ಕೆಲಸ ಮಾಡೋದು ಹೇಗೆ, ಉಳಿದ ಇಬ್ಬರ ಹತ್ತಿರ ಅವರ ಕೆಲಸ ಕೇಳೋದು ಹೇಗೆ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ನೆನಪಿರಲಿ. ನಾವು ಗೇಟಿನ ಹೊರಗಿಟ್ಟ ಕಸ ಮಾಯ ಆಗುವುದಿಲ್ಲ, ಇನ್ನೊಂದು ಊರಿಗೆ ಹೋಗುತ್ತದೆ. ಯಲಹಂಕ ಕಡೆಯ ಮಾವಳ್ಳಿಪುರದವರು ವರ್ಷಗಟ್ಟಲೆ ಈ ನಗರದ ಕಸ ಹೊತ್ತರು, ಜಗಳ ಮಾಡಿ 2012ರಲ್ಲಿ ನಿಲ್ಲಿಸಿದರು. ಆಗ ಲಾರಿಗಳು ಮಂಡೂರಿನ ಕಡೆ ತಿರುಗಿದವು. ಅಲ್ಲಿನ ಜನ ರಸ್ತೆಗೆ ಇಳಿದ ಮೇಲೆ 2014ರ ಕೊನೆಗೆ ಅದೂ ನಿಂತಿತು. ಆಮೇಲೆ ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿ. ಹಸಿ ಕಸ ಒಣ ಕಸ ಸೇರಿಸಿ ಕೊಟ್ಟರೆ ಅದರಿಂದ ಗೊಬ್ಬರವೂ ಆಗಲ್ಲ, ಗುಜರಿಗೂ ಹೋಗಲ್ಲ, ಇಂಥ ಯಾವುದೋ ಹಳ್ಳಿಯ ಬಾವಿ ನೀರು ಕೆಡಿಸುತ್ತದೆ. ಹಾಗಾಗಿ ಕಸ ಬೇರೆ ಮಾಡೋದನ್ನು ಸುಮ್ನೆ ಸ್ವಚ್ಛತೆಯ ವಿಷಯ ಅಂತ ನಾನು ನೋಡುವುದಿಲ್ಲ. ಅದು ಪಕ್ಕದ ಊರಿನವರಿಗೆ ನಾವು ತೋರಿಸಬೇಕಾದ ನ್ಯಾಯ.

ಮನೆಯೊಳಗೆ

ಎರಡು ಡಬ್ಬ, ಒಂದು ಚೀಲ. ಹೈಕೋರ್ಟ್ 2015ರಲ್ಲೇ ಬೆಂಗಳೂರಿಗೆ ಈ ಪದ್ಧತಿಯನ್ನು ಹೇಳಿದೆ. ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಪ್ಯಾಡ್, ಡೈಪರ್, ಬ್ಯಾಂಡೇಜ್, ಚೀಲದಲ್ಲಿ ಒಣ ಕಸ. ಹಸಿ ಕಸದ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ತಳಕ್ಕೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಕಿ, ಗಾಡಿ ಬಂದಾಗ ನೇರವಾಗಿ ಸುರಿದು, ಡಬ್ಬ ತೊಳೆದಿಡಿ. ನಿಮ್ಮ ಕಸವನ್ನು ಕೈಯಿಂದ ಮುಟ್ಟುವವರು ಮನುಷ್ಯರು. ಒಡೆದ ಗಾಜು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು ಕೊಡಿ. ಪ್ಯಾಡ್, ಡೈಪರ್ ಕೂಡ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೊಡಿ. ಅಂದ ಹಾಗೆ, ಪ್ಯಾಡ್ ಮತ್ತು ಡೈಪರ್ ಕಂಪನಿಗಳು ಪ್ರತಿ ಪ್ಯಾಕ್ ಜೊತೆ ಅದನ್ನು ಸುತ್ತಿ ಎಸೆಯಲು ಕವರ್ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿದ್ದರು. ನೀವು ಕೊಳ್ಳುವ ಪ್ಯಾಕಿನಲ್ಲಿ ಅದು ಇದೆಯಾ ನೋಡಿ, ಇಲ್ಲದಿದ್ದರೆ ಪ್ಯಾಕಿನ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ಫೋನ್ ಮಾಡಿ ಕೇಳಿ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಅದನ್ನು ಮನೆಯಲ್ಲೇ ಗೊಬ್ಬರ ಮಾಡಿಕೊಂಡರೆ ಗಾಡಿಗೆ ಕೊಡೋದಕ್ಕೆ ಉಳಿಯುವುದು ತುಂಬಾ ಕಡಿಮೆ. ದುಬಾರಿ ಕಿಟ್ ಬೇಕಿಲ್ಲ. ಅಗಲ ಬಾಯಿಯ ಮಣ್ಣಿನ ಕುಂಡ ಅಥವಾ ಹಳೇ ಪೇಂಟ್ ಡಬ್ಬ ಸಾಕು. ಸುತ್ತಲೂ, ತಳಕ್ಕೂ ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ಎರಡು ಮೂರು ಇಂಚು ಒಣ ಎಲೆ. ಅದರ ಮೇಲೆ ದಿನದ ಕಸ: ತರಕಾರಿ ಸಿಪ್ಪೆ, ಕಾಫಿ ಚರಟ, ದೇವರಿಗಿಟ್ಟ ಹೂವು, ಉಳಿದ ಅನ್ನ. ನುಗ್ಗೆಕಾಯಿ ಸಿಪ್ಪೆ, ಸೊಪ್ಪಿನ ದಂಟು ಇವನ್ನೆಲ್ಲ ಚಿಕ್ಕದಾಗಿ ಮುರಿದು ಹಾಕಿ. ಸಾಂಬಾರ್ ಉಳಿದಿದ್ದರೆ ನೀರು ಬಸಿದು ಹಾಕಿ. ಪ್ರತಿ ಸಲ ಹಸಿ ಕಸದ ಮೇಲೆ ಅಷ್ಟೇ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮುಚ್ಚಿ. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯೋದು ಬೇಗ ಶುರುವಾಗುತ್ತದೆ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ, ಒಳಗೆ ಗಾಳಿ ಆಡಲಿ.

ವಾಸನೆ ಬಂತಾ? ನೀರು ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಹಾಕಿ ಕೆದಕಿ. ಬಿಳಿ ಬೂಷ್ಟು ಬಂದರೆ ಹೆದರಬೇಡಿ, ಅದು ಒಳ್ಳೆಯದೇ. ಹುಳ ಕಂಡರೂ ಅಷ್ಟೇ, ಅವು ಕಸ ತಿನ್ನುತ್ತವೆ. ಕಣ್ಣಿಗೆ ಹಿಡಿಸದಿದ್ದರೆ ಒಣ ಪುಡಿ ಜಾಸ್ತಿ ಮಾಡಿ, ಕಡಿಮೆಯಾಗುತ್ತವೆ. ಮಾಂಸ, ಮೀನು, ಮೂಳೆ ಶುರುವಿನಲ್ಲಿ ಬೇಡ. ಕುಂಡ ತುಂಬಿದ ಮೇಲೆ ಮುಚ್ಚಿಟ್ಟು ಇನ್ನೊಂದನ್ನು ಶುರು ಮಾಡಿ. ಎರಡು ತಿಂಗಳ ಆಸುಪಾಸಿನಲ್ಲಿ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ.

ಒಣ ಕಸದ ವಿಷಯಕ್ಕೆ ಒಂದೇ ನಿಯಮ: ಒಣಗಿರಬೇಕು. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ತುದಿಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರನ್ನು ಯಾರೂ ಆಯಲು ಆಗುವುದಿಲ್ಲ, ಅದು ಮೋರಿಗೇ ಹೋಗುತ್ತದೆ. ಅಂಚಿಗೆ ಅಂಟಿಕೊಂಡಿರಲಿ, ಪ್ಯಾಕೆಟ್ ತೊಳೆದು ಒಣಗಿಸಿ ಇಡಿ. ಟ್ಯೂಬ್‌ಲೈಟ್, ಬ್ಯಾಟರಿ, ಹಳೇ ಚಾರ್ಜರ್ ಇವನ್ನು ಈ ಚೀಲಕ್ಕೂ ಹಾಕಬಾರದು, ಬೇರೆಯಾಗಿ ಕೂಡಿಟ್ಟು ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ಕೇಳಿ ಕೊಡಿ. ಬೆಂಗಳೂರಿನ ಅನೇಕ ವಾರ್ಡ್‌ಗಳಲ್ಲಿ ಈ ಕೇಂದ್ರಗಳಿವೆ, ಕೆಲವನ್ನು ಮೊದಲು ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಒಮ್ಮೆ ಹೋಗಿ ನೋಡಿ, ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಯಾವುದು ಮಾರಾಟ ಆಗುತ್ತದೆ, ಯಾವುದು ಬಿದ್ದೇ ಇರುತ್ತದೆ ಅಂತ ಅಲ್ಲಿನವರ ಹತ್ತಿರ ಕೇಳಿ.

ಅಂಗಡಿಯಲ್ಲಿ

ಒಣ ಕಸದ ಕೇಂದ್ರದಲ್ಲಿ ಬಿದ್ದೇ ಇರುವುದು ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಪ್ಯಾಕೆಟ್, ಶಾಂಪೂ ಸ್ಯಾಷೆ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಅಂಟಿಸಿ ಮಾಡಿದ ಇವನ್ನು ಬಿಡಿಸೋದು ಕಷ್ಟ, ಗುಜರಿಯವರು ಕೊಳ್ಳುವುದಿಲ್ಲ, ಕೊನೆಗೆ ಸಿಮೆಂಟ್ ಕಾರ್ಖಾನೆಯ ಒಲೆಗೋ ಕಸದ ಗುಡ್ಡಕ್ಕೋ ಹೋಗುತ್ತವೆ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ, "ಪೇಪರ್ ತಾನೇ" ಅಂತ ನೆಮ್ಮದಿ ಪಡಬೇಡಿ. ಹಾಗಾಗಿ ಕೊಳ್ಳುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದರ ಕವರನ್ನು ಗುಜರಿಯವರು ಕೊಳ್ಳುತ್ತಾರಾ? ಬೇಳೆ, ಅಕ್ಕಿ, ರವೆಯನ್ನು ತೂಕ ಹಾಕಿ ಕೊಡುವ ದಿನಸಿ ಅಂಗಡಿಯಲ್ಲಿ ನಿಮ್ಮ ಚೀಲಕ್ಕೇ ಹಾಕಿಸಿಕೊಳ್ಳಿ. ಹೋಟೆಲಿಂದ ಸಾಂಬಾರ್ ತರುವಾಗ ಡಬ್ಬ ಒಯ್ಯಿರಿ. ಮನೆಯಲ್ಲಿ ನಾಮಕರಣವೋ ಗೃಹಪ್ರವೇಶವೋ ಇದ್ದರೆ ಬಾಳೆ ಎಲೆ, ಸ್ಟೀಲ್ ಲೋಟ, ನೀರಿಗೆ ದೊಡ್ಡ ಕ್ಯಾನ್. ಅಡುಗೆಯವರಿಗೆ ಬುಕ್ ಮಾಡುವಾಗಲೇ ಹೇಳಿಬಿಡಿ, ಆ ದಿನ ಹೇಳಿದರೆ ಆಗಲ್ಲ.

ಕವರ್ ಕೇಳಬೇಡಿ, ಕೊಟ್ಟರೂ ಬೇಡ ಅನ್ನಿ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧ. ಆದರೂ ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡರೆ ಕವರಿನಲ್ಲೇ ಕೊಡುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಸೊಪ್ಪು ಮಾರುವ ಅಮ್ಮನಿಗೆ ದಂಡ ಹಾಕಿ ಫೋಟೋ ತೆಗೆಸಿಕೊಂಡರೆ ನಿಷೇಧ ಜಾರಿ ಆಗಲ್ಲ. ಆ ಕವರ್ ಎಲ್ಲೋ ತಯಾರಾಗಿ, ಯಾವುದೋ ಗೋದಾಮಿನಿಂದ ಬಂದಿರುತ್ತದೆ, ದಾಳಿ ಅಲ್ಲಿ ನಡೆಯಬೇಕು. ನಾವು ಚೀಲ ಹಿಡಿದು ಹೋದರೆ ಆಕೆಗೆ ಕವರಿನ ಖರ್ಚೂ ಉಳಿಯುತ್ತದೆ.

ಕಂಪನಿಗಳ ವಿಷಯಕ್ಕೂ ಕಾನೂನು ಇದೆ. ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಪ್ಯಾಕಿಂಗನ್ನು ವಾಪಸ್ ಸಂಗ್ರಹಿಸುವ ಹೊಣೆ ಅವರದೇ ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ, 2022ರಲ್ಲಿ ಅದಕ್ಕೆ ವರ್ಷವಾರು ಗುರಿಯನ್ನೂ ಹಾಕಿದ್ದಾರೆ. ನೀವು ದಿನಾ ಕೊಳ್ಳುವ ಒಂದು ಬ್ರ್ಯಾಂಡ್ ಆರಿಸಿಕೊಳ್ಳಿ. "ನಿಮ್ಮ ಖಾಲಿ ಪ್ಯಾಕೆಟ್‌ಗಳನ್ನು ನಮ್ಮ ಊರಿನಲ್ಲಿ ಎಲ್ಲಿ ಕೊಡಬೇಕು?" ಅಂತ ಇಮೇಲ್ ಮಾಡಿ, ಫೋಟೋ ಹಾಕಿ. ಅಪಾರ್ಟ್‌ಮೆಂಟಿನ ಹತ್ತಾರು ಮನೆಯವರು ಒಟ್ಟಿಗೆ ಬರೆದರೆ ಅದರ ತೂಕವೇ ಬೇರೆ, ಅಲ್ವಾ?

ವಾರ್ಡ್ ಕಚೇರಿಯಲ್ಲಿ

2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವೂ ಬಂದಿದೆ, ಮನೆಗಳಿಗೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಜನ ಬೈದರು. ನಾನು ಶುಲ್ಕದ ಪರ, ಯಾಕಂದರೆ ಕಸ ಸಾಗಿಸಲು ದುಡ್ಡು ಬೇಕೇ ಬೇಕು. ಆದರೆ ದುಡ್ಡು ಕೊಟ್ಟ ಮೇಲೆ ಲೆಕ್ಕ ಕೇಳಬೇಕು. ನೀವು ಬೇರೆ ಮಾಡಿ ಕೊಟ್ಟ ಕಸವನ್ನು ಆಟೋ ಟಿಪ್ಪರ್‌ನಲ್ಲಿ ಒಟ್ಟಿಗೆ ಸುರಿಯುತ್ತಿದ್ದರೆ ಗಾಡಿಯವರ ಮೇಲೆ ರೇಗಬೇಡಿ. ಗಾಡಿಯಲ್ಲಿ ಎರಡು ಭಾಗ ಇಲ್ಲದಿದ್ದರೆ ಅವರೇನು ಮಾಡುತ್ತಾರೆ? ತಾರೀಖು, ಗಾಡಿ ನಂಬರ್, ಫೋಟೋ ಬರೆದಿಟ್ಟುಕೊಂಡು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಲಿಖಿತವಾಗಿ ಕೊಡಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಬಾಯಿ ಮಾತಿನ ದೂರು ಮರುದಿನಕ್ಕೆ ಮರೆತುಹೋಗುತ್ತದೆ.

ಆಗಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಫೀಸು 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹಾಗಾಗಿ ಕತೆ ಬರೆಯಬೇಡಿ. "ಏಕೆ ಮಾಡಿಲ್ಲ" ಅಂತ ಕೇಳಿದರೆ ಜಾರಿಕೊಳ್ಳುತ್ತಾರೆ, ದಾಖಲೆ ಕೇಳಿ: ಕಳೆದ ಮೂರು ತಿಂಗಳಲ್ಲಿ ನಮ್ಮ ವಾರ್ಡಿನಿಂದ ಹಸಿ ಕಸ ಎಷ್ಟು ಟನ್ ಹೋಗಿದೆ, ಯಾವ ಘಟಕಕ್ಕೆ, ತೂಕದ ಚೀಟಿಗಳ ನಕಲು ಕೊಡಿ. ಕಸದ ಗುತ್ತಿಗೆಯ ಕರಾರು ಪತ್ರದ ನಕಲನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದರ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಉತ್ತರ ಬಂದ ದಿನ ಅದನ್ನು ನಿಮ್ಮ ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿ, ಪಕ್ಕದ ವಾರ್ಡಿನವರೂ ಅದೇ ಅರ್ಜಿಯನ್ನು ಹೆಸರು ಬದಲಾಯಿಸಿ ಕಳಿಸಲಿ.